ಒಂದು ಕಂಡಿಕೆ ಬರಬೇಕು

ಅವರ ಎಡಗಿವಿಗೆ ಏನು ಹೇಳಿದರೂ ಗಾಳಿಗೆ ಹೇಳಿದ ಹಾಗೆ. ಬೆಟಗೇರಿಯ ತಮ್ಮ ಮನೆಯಲ್ಲಿ ಮಗ್ಗದ ಕುಣಿಯೊಳಗೆ ಕಾಲು ಇಳಿಬಿಟ್ಟು ಐವತ್ತು ವರ್ಷ ಕೂತವರು ಅವರು. ಎಡಗಡೆಯ ಗೋಡೆಯಾಚೆ ನೆರೆಮನೆಯವರ ವಿದ್ಯುತ್ ಮಗ್ಗಗಳು ಹಗಲಿಡೀ ಬಡಿದುಕೊಳ್ಳುತ್ತಿದ್ದವು. ಅದನ್ನು ಕೇಳಿ ಕೇಳಿ ಆ ಕಿವಿ ಕೆಲಸ ಬಿಟ್ಟಿತ್ತು. ಹಾಗಾಗಿ ನನ್ನ ಬಸ್ಸು ಹತ್ತಿದರೆ ಎಡಸಾಲಿನ ಸೀಟಿನಲ್ಲೇ ಕೂರುತ್ತಿದ್ದರು. ಆಗ ಬಲಗಿವಿ ನಡುದಾರಿಯ ಕಡೆಗೆ, ಅಂದರೆ ಕಂಡಕ್ಟರನಾದ ನನ್ನ ಕಡೆಗೆ ಬರುತ್ತಿತ್ತು. ‘ನಿಮ್ಮ ಬಾಯಿ ಕೇಳಾಕ ಈ ಕಿವಿ ಇಟ್ಟೀನಿ, ಊರ ಮಂದೀದು ಕೇಳಾಕ ಆ ಕಿವಿ’ ಎನ್ನುತ್ತಿದ್ದರು.

ಹೆಸರು ಬರೆಯುವುದಿಲ್ಲ. ಬದುಕಿದ್ದಾಗ ನಾನೂ ಅವರ ಹೆಸರು ಹಿಡಿದು ಕರೆದವನಲ್ಲ, ಕಾಕಾ ಎನ್ನುತ್ತಿದ್ದೆ. ಹೋದ ತಿಂಗಳು ಕಾಕಾ ತೀರಿಕೊಂಡರು. ಸುದ್ದಿ ಸಿಕ್ಕಿದ್ದು ಗದಗ ಬಸ್‌ಸ್ಟ್ಯಾಂಡಿನಲ್ಲಿ. ಬೆಟಗೇರಿಯವರೊಬ್ಬರು ಲಕ್ಷ್ಮೇಶ್ವರಕ್ಕೆ ಟಿಕೆಟ್ ತೆಗೆದುಕೊಳ್ಳುತ್ತ, ‘ನಿಮ್ಮ ತಂಗೂಸಿ ಕಾಕಾ ಹೋದ್ರಲ್ರೀ, ಮುಂಜಾನಿ’ ಅಂದರು. ನಾನು ಕೈಯಲ್ಲಿದ್ದ ಟಿಕೆಟ್ ಯಂತ್ರ ನೋಡುತ್ತ ನಿಂತೆ. ಹಿಂದಿನವರು ‘ಜಲ್ದಿ ಮಾಡ್ರಿ’ ಅಂದಮೇಲೆ ಮುಂದಿನ ಟಿಕೆಟ್ ಹರಿದೆ. ಮಣ್ಣಿಗೆ ಹೋಗಲಿಲ್ಲ. ಡ್ಯೂಟಿ ಇತ್ತು ಎಂದು ಕೇಳಿದವರಿಗೆಲ್ಲ ಹೇಳಿದೆ. ರಜೆ ಕೇಳಿದ್ದರೆ ಸಿಗುತ್ತಿತ್ತು. ಹೋಗಲಿಲ್ಲ ಏಕೆಂದರೆ ನನ್ನ ಮನೆಯ ಟ್ರಂಕಿನಲ್ಲಿ, ಹಳೆಯ ಖಾಕಿ ಅಂಗಿಯೊಳಗೆ, ಅವರದೊಂದು ಕಂಡಿಕೆ ಇತ್ತು. ನಾಲ್ಕು ವರ್ಷ ಅದನ್ನು ಹುಡುಕಿಕೊಂಡೇ ಅವರು ಓಡಾಡಿದ್ದರು.

ಕಂಡಿಕೆ ಅಂದರೆ ನೇಕಾರರು ನೂಲು ಸುತ್ತಿ ಲಾಳಿಯೊಳಗೆ ಇಡುತ್ತಾರಲ್ಲ, ಆ ಬೆರಳಿನಷ್ಟು ಉದ್ದದ ಕೊಳವೆ. ಕಾಕಾ ಅದಕ್ಕೆ ನೂಲಿನ ಬದಲು ಗಾಳದ ತಂಗೂಸಿ, ಅಂದರೆ ನೈಲಾನ್ ದಾರ, ಸುತ್ತುತ್ತಿದ್ದರು. ಆ ಕಥೆಯನ್ನು ಮೊದಲಿಂದ ಹೇಳಬೇಕು.

ಮೊದಲ ಸಲ ಅವರು ನನ್ನ ಬಸ್ಸು ಹತ್ತಿದ್ದು ಶಿರಹಟ್ಟಿ ದಾರಿಯಲ್ಲಿ, ಒಂದು ಕೆರೆ ದಂಡೆಯಿಂದ. ಚಳಿಗಾಲದಲ್ಲಿ ಹಕ್ಕಿ ನೋಡಲು ಜನ ಕಾರು ಮಾಡಿಕೊಂಡು ಬರುವ ದೊಡ್ಡ ಕೆರೆಯಲ್ಲ ಅದು. ಅದರ ಈಚೆ, ಕಡಲೆ ಹೊಲಗಳ ನಡುವೆ ಇರುವ ಹೆಸರಿಲ್ಲದ ಸಣ್ಣ ಕೆರೆ. ಬಿಳಿ ಧೋತರದ ಮುದುಕರೊಬ್ಬರು ಕೈ ಅಡ್ಡ ಹಿಡಿದರು. ಹೆಗಲಲ್ಲಿ ಗೊಬ್ಬರದ ಚೀಲ. ಚೀಲದೊಳಗಿಂದ ಕೆಸರಿನ ವಾಸನೆ. ನನ್ನ ಸ್ವಭಾವ ಆಗ ಸ್ವಲ್ಪ ಗರಂ. ‘ಏನೈತ್ರೀ ಅದರಾಗ? ಮೀನ ಇದ್ರ ಮ್ಯಾಲ ಹಾಕಬ್ಯಾಡ್ರಿ’ ಎಂದು ಗದರಿದೆ. ಅವರು ಚೀಲದ ಬಾಯಿ ಬಿಚ್ಚಿ ತೋರಿಸಿದರು. ಬಾಚಿದ ಮೇಲೆ ಹಣಿಗೆಯಿಂದ ತೆಗೆದ ಕೂದಲಿನಂತೆ ಮುದ್ದೆಮುದ್ದೆ ತಂಗೂಸಿ. ಪಾಚಿ, ಕಸ, ಒಂದೆರಡು ತುಕ್ಕು ಹಿಡಿದ ಗಾಳ.

‘ಇದನ್ನ ತಗೊಂಡ ಏನ ಮಾಡ್ತೀರಿ?’ ಅಂದೆ.

‘ಬಿಡಸ್ತೀನಿ.’

‘ಬಿಡಿಸಿ?’

‘ಬಿಡಿಸಿದ ಮ್ಯಾಲ ನೋಡೂಣಂತ. ಮೊದಲ ಬಿಡಸೂಣು.’

ಅಂದಿನಿಂದ ಬಸ್ಸಿನಲ್ಲಿ ಅವರ ಬೆರಳು ಸುಮ್ಮನೆ ಕೂತಿದ್ದು ನಾನು ನೋಡಲಿಲ್ಲ. ಗದಗ ಬರುವಷ್ಟರಲ್ಲಿ ಒಂದು ಮುದ್ದೆ ಬಿಡಿಸಿ ಮುಗಿಸುತ್ತಿದ್ದರು. ಎಳೆಯುತ್ತಿರಲಿಲ್ಲ. ಮುದ್ದೆಯನ್ನು ಅಂಗೈಯಲ್ಲಿಟ್ಟು ಮೆಲ್ಲಗೆ ಅಲುಗಿಸಿ ಸಡಿಲ ಮಾಡಿ, ಎಲ್ಲಿ ಸಡಿಲಾಯಿತೋ ಅಲ್ಲಿಂದ ತುದಿ ಹಿಡಿದು ಹೊರಗೆ ತರುತ್ತಿದ್ದರು. ಕತ್ತರಿ ಎಂದರೆ ಆಗದು. ಬದಿಯ ಸೀಟಿನವರೊಬ್ಬರು ಒಮ್ಮೆ ಬ್ಲೇಡು ಕೊಡಲು ಹೋದಾಗ ಕಾಕಾ ಕೈ ಹಿಂದಕ್ಕೆ ಎಳೆದುಕೊಂಡರು. ಅವರ ಮನೆತನದಲ್ಲಿ ನೂಲಿಗೆ ಕತ್ತರಿ ತಾಗಿಸುವುದಿಲ್ಲ, ಕಸಬರಿಗೆಯನ್ನೂ ತಾಗಿಸುವುದಿಲ್ಲ. ಕಡಿದ ಎಳೆಯನ್ನು ಕೈಯಿಂದ ಆಯ್ದು ಗೋಡೆಯ ಗೂಟಕ್ಕೆ ಸಿಗಿಸುತ್ತಾರೆ, ಎಂದಾದರೂ ಒಂದು ದಿನ ಗಂಟು ಹಾಕಿ ಮತ್ತೆ ಮಗ್ಗಕ್ಕೆ ಹಾಕುತ್ತಾರೆ. ಅವರ ಅಜ್ಜ ಹಾಗೆ ಮಾಡಿದ್ದರು, ಅಪ್ಪ ಹಾಗೆ ಮಾಡಿದ್ದರು.

ಈ ಹುಚ್ಚು ಹತ್ತಿದ್ದು ಹೇಗೆ ಎಂದು ಒಮ್ಮೆ ಕೇಳಿದೆ. ಹೆಂಡತಿಯ ತವರಿಗೆ ಹೋಗಿದ್ದಾಗ ಆ ಕೆರೆ ದಂಡೆಯಲ್ಲಿ ಒಂದು ನೀರುಕಾಗೆ ಬಿದ್ದು ಒದ್ದಾಡುತ್ತಿತ್ತಂತೆ. ಎರಡೂ ಕಾಲಿಗೆ, ಕೊಕ್ಕಿಗೆ ತಂಗೂಸಿ. ಊರಿನವರು ಸುತ್ತ ನಿಂತು ನೋಡುತ್ತಿದ್ದರು. ಕಾಕಾ ಹೆಗಲ ಮೇಲಿನ ವಸ್ತ್ರ ಅದರ ಕಣ್ಣಿಗೆ ಹಾಕಿ, ತೊಡೆಯ ಮೇಲೆ ಇಟ್ಟುಕೊಂಡು ಬಿಡಿಸುತ್ತ ಕೂತರು.

‘ಎಷ್ಟೊತ್ತು ಹಿಡೀತರೀ?’

‘ಯಾಂವ ನೋಡ್ಯಾನ. ಬಿಸಲು ಈ ಕಡೆಯಿಂದ ಆ ಕಡೆ ಹೋಗಿತ್ತು. ಕಡೀ ಎಳಿ ಬಂದಮ್ಯಾಲ ವಸ್ತ್ರ ತಗದೆ. ನನ್ನ ಮಾರಿ ನೋಡ್ತು. ಕೈ ಕಚ್ಚಿ ಹಾರಿಹೋತು.’ ಹೆಬ್ಬೆರಳಿನ ಬುಡದ ಗಾಯದ ಗುರುತು ತೋರಿಸಿ ನಕ್ಕರು. ‘ಶಾಬಾಸ್ ಅಂದಂಗ ಆತು ನನಗ.’

ಇಷ್ಟು ಹೇಳಿ ನನ್ನನ್ನು ಕೇಳಿದರು: ‘ನೀವೂ ಗಾಳ ಹಾಕ್ತೀರಂತಲ್ಲ?’

ಹಾಕುತ್ತಿದ್ದೆ. ವಾರದ ರಜೆ ದಿನ ಅದೇ ಕೆರೆಗೆ ಹೋಗುತ್ತಿದ್ದೆ. ನಮ್ಮದು ಮೀನು ಅಂದರೆ ಮೂಗು ಮುಚ್ಚುವ ಮನೆ. ಹೆಂಡತಿಗೆ ದೋಸ್ತರ ಹೊಲಕ್ಕೆ ಹೋಗುತ್ತೇನೆ ಎಂದು ಹೇಳಿದ್ದೆ. ಸಿಕ್ಕ ಮೀನು ಅಲ್ಲೇ ಯಾರಿಗಾದರೂ ಕೊಟ್ಟು, ಕೈಗೆ ನಿಂಬೆಹಣ್ಣು ತಿಕ್ಕಿಕೊಂಡು ಮನೆ ಸೇರುತ್ತಿದ್ದೆ.

‘ತಿನ್ನಂಗಿಲ್ಲ ಅಂದಮ್ಯಾಲ ಯಾಕ ಹಿಡೀತೀರಿ?’

‘ಕುಂಡ್ರಾಕರೀ ಕಾಕಾ. ವಾರಾನಗಟ್ಲೆ ನಿಂತ ನಿಂತ ಕಾಲು ಹೋಗ್ಯಾವು. ಗಾಳ ಕೈಯಾಗಿದ್ರ ಯಾರೂ ಏಳು ಅನ್ನಂಗಿಲ್ಲ.’

ಕಾಕಾ ಬಹಳ ನಕ್ಕರು. ‘ನಾ ಜಲಮಪೂರ್ತಿ ಕುಂತಾಂವ. ನಡದಾಡಾಕ ಸಿಗತೈತಿ ಅಂತ ಬರ್ತೀನಿ. ಇಬ್ಬರದೂ ಒಂದ ಕೆರಿ ಆತು.’

ಆಮೇಲೆ ಅವರು ಒಂದು ವ್ಯವಸ್ಥೆ ಮಾಡಿದರು. ಮನೆಗೆ ಒಯ್ದ ತಂಗೂಸಿಯನ್ನು ಸೀಗೇಪುಡಿಯಲ್ಲಿ ತೊಳೆಯುವುದು, ಬಿಡಿಸುವುದು, ಗಟ್ಟಿ ಇರುವ ತುಂಡುಗಳನ್ನು ನೇಕಾರರ ಗಂಟು ಹಾಕಿ ಕೂಡಿಸುವುದು. ನೂಲಿನಲ್ಲಿ ನಿಲ್ಲುವ ಗಂಟು ತಂಗೂಸಿಯಲ್ಲಿ ಜಾರುತ್ತದೆ. ಅದಕ್ಕೆ ಕಾಕಾ ಊದಿನಕಡ್ಡಿಯ ಕೆಂಡ ತಾಗಿಸಿ ಗಂಟಿನ ಎರಡೂ ತುದಿ ಸುಡುತ್ತಿದ್ದರು. ತುದಿ ಕರಗಿ ಸಾಸಿವೆಗಿಂತ ಸಣ್ಣ ಕರಿ ಗುಂಡುಗಳಾಗುತ್ತಿದ್ದವು. ಆ ಗುಂಡು ಅಡ್ಡ ಕೂತರೆ ಗಂಟು ಎಷ್ಟು ಎಳೆದರೂ ಬಿಚ್ಚದು. ಕಾಕು, ಅಂದರೆ ಅವರ ಹೆಂಡತಿ, ರಾಟೆಗೆ ಹಾಕಿ ಅದನ್ನು ಕಂಡಿಕೆಗೆ ಸುತ್ತಿಕೊಡುತ್ತಿದ್ದರು. ಕಾಕಾ ಆ ಕಂಡಿಕೆಗಳನ್ನು ಗಾಳ ಹಾಕುವವರಿಗೆ ಪುಕ್ಕಟೆ ಹಂಚುತ್ತಿದ್ದರು. ಒಂದೇ ಶರತ್ತು: ‘ಹಾಳಾದದ್ದು ನೀರಾಗ ಬಿಡಬ್ಯಾಡ್ರಿ. ಸಿಕ್ಕೊಂಡ್ರ ಕೊಯ್ದು ಬರಬ್ಯಾಡ್ರಿ, ಇಳದು ಬಿಡಿಸ್ಕೊಂಡ ಬರ್ರಿ. ನನಗ ತಂದು ಕೊಡ್ರಿ, ಸುತ್ತಿದ್ದು ಒಯ್ರಿ.’

ಶಿರಹಟ್ಟಿಯವರು, ಶಿಗ್ಲಿಯವರು, ಮುಂಡರಗಿ ಆಚೆ ಹೊಳೆ ದಂಡೆಯವರು, ಎಲ್ಲರೂ ಒಯ್ದರು. ನಾನೂ ಒಂದು ಒಯ್ದೆ. ಯಾರಿಗೆ ಯಾವುದು ಕೊಟ್ಟಿದ್ದಾರೆ ಎಂಬುದು ಅವರ ಬಾಯಲ್ಲೇ ಇತ್ತು. ಆ ಎರಡು ವರ್ಷ ಕೆರೆ ದಂಡೆ ಸ್ವಚ್ಛವಾಗಿತ್ತು. ನಾನು ಬಸ್ಸಿನಲ್ಲಿ ಅವರನ್ನು ತೋರಿಸಿ, ‘ನೋಡ್ರಿ, ಈ ಮನಷ್ಯಾ ಹಕ್ಕಿಗೋಳ ಡಾಕ್ಟರ್’ ಎಂದು ಜನರ ಮುಂದೆ ಬಡಾಯಿ ಕೊಚ್ಚುತ್ತಿದ್ದೆ. ಅವರು ಆ ಮಾತಿಗೆ ಎಡಗಿವಿ ಕೊಡುತ್ತಿದ್ದರು.

ನನ್ನ ಗಾಳಕ್ಕೊಂದು ಗುರುತಿತ್ತು. ಟಿಕೆಟ್ ಯಂತ್ರದ ಕಾಗದದ ಸುರುಳಿ ಮುಗಿದ ಮೇಲೆ ನಡುವೆ ಒಂದು ಬಿಳಿ ಪ್ಲಾಸ್ಟಿಕ್ ಕೊಳವೆ ಉಳಿಯುತ್ತದೆ. ಎಲ್ಲ ಕಂಡಕ್ಟರರೂ ಅದನ್ನು ಎಸೆಯುತ್ತಾರೆ. ನಾನು ಒಂದಕ್ಕೆ ಎರಡೂ ಕಡೆ ಥರ್ಮಾಕೋಲ್ ತುರುಕಿ, ಹೆಂಡತಿಯ ಉಗುರುಬಣ್ಣದಿಂದ ನಡುವೆ ಕೆಂಪು ಉಂಗುರ ಬಳಿದು, ನೀರಿನ ಮೇಲೆ ತೇಲುವ ಬೆಂಡು ಮಾಡಿಕೊಂಡಿದ್ದೆ. ಕಾಕಾಗೆ ಅದನ್ನು ಕಂಡರೆ ಬಹಳ ಖುಷಿ. ‘ನೀವೂ ಏನೂ ಒಗಿಯಂಗಿಲ್ಲ ಬಿಡ್ರಿ. ನೇಕಾರರ ಮನ್ಯಾಗ ಹುಟ್ಟಬೇಕಾಗಿತ್ತು’ ಅಂದಿದ್ದರು.

ಆ ವರ್ಷ ಪಟ್ಟೆತಲೆಯ ಬಾತುಗಳು ದೊಡ್ಡ ಕೆರೆಯಿಂದ ನಮ್ಮ ಸಣ್ಣ ಕೆರೆಗೂ ಬಂದಿದ್ದವು. ಹಿಮಾಲಯ ದಾಟಿ ಬರುತ್ತವೆ ಎನ್ನುತ್ತಾರೆ. ಹಗಲು ನೀರಿನಲ್ಲಿ ಕೂತು, ಸಂಜೆ ಕಡಲೆ ಹೊಲಕ್ಕೆ ಇಳಿಯುತ್ತವೆ. ಬಿಳಿ ತಲೆಯ ಮೇಲೆ ಎರಡು ಕಪ್ಪು ಪಟ್ಟೆ. ಕಾಕಾ ಆ ಪಟ್ಟೆಯನ್ನು ನೋಡಿ, ‘ಸೀರಿ ಅಂಚಿನಂಗ ಎಷ್ಟ ಸರಳ ಐತಿ ನೋಡ್ರಿ, ಒಂದ ಎಳಿ ತಪ್ಪಿಲ್ಲ’ ಎನ್ನುತ್ತಿದ್ದರು.

ಒಂದು ರಜೆಯ ದಿನ ಬೆಳಿಗ್ಗೆ ನನ್ನ ಗಾಳ ನೀರಿನೊಳಗಿನ ಜಾಲಿ ಮರದ ಬೊಡ್ಡೆಗೆ ಸಿಕ್ಕಿತು. ಎಳೆದೆ, ಬರಲಿಲ್ಲ. ಮೊಣಕಾಲುದ್ದದ ನೀರು, ಇಳಿದು ಬಿಡಿಸಿದರೆ ಕಾಲು ಗಂಟೆಯ ಕೆಲಸ. ಅಷ್ಟರಲ್ಲಿ ಡಿಪೋದಿಂದ ಫೋನು ಬಂತು. ಇನ್ನೊಬ್ಬ ಕಂಡಕ್ಟರ್‌ಗೆ ಜ್ವರ, ಕೂಡಲೇ ಬರಬೇಕು. ಪ್ಯಾಂಟು ಒದ್ದೆ ಮಾಡಿಕೊಂಡು ಡ್ಯೂಟಿಗೆ ಹೋಗುವುದು ಹೇಗೆ? ತಂಗೂಸಿಯನ್ನು ಹಲ್ಲಿನಿಂದ ಕಡಿದೆ. ಗಾಳ, ಬೆಂಡು, ಎರಡು ಮಾರು ತಂಗೂಸಿ ಅಲ್ಲೇ ಬೊಡ್ಡೆಗೆ ಉಳಿದವು. ಕಂಡಿಕೆಯಲ್ಲಿ ಉಳಿದದ್ದನ್ನು ಕಿಸೆಗೆ ಹಾಕಿಕೊಂಡು ಓಡಿದೆ. ಮುಂದೆ ಮರೆತೆ ಎಂದರೆ ಸುಳ್ಳಾಗುತ್ತದೆ. ದಿನಾ ಆ ಕೆರೆ ದಾಟಿಯೇ ಬಸ್ಸು ಹೋಗುತ್ತಿತ್ತು, ದಿನಾ ನೆನಪಾಗುತ್ತಿತ್ತು. ಬರುವ ರಜೆಗೆ ಹೋಗಿ ತೆಗೆದರಾಯಿತು ಅಂದುಕೊಳ್ಳುತ್ತಿದ್ದೆ.

ಮುಂದಿನ ರಜೆಗೆ ನಾನು ಹೋದಾಗ ಕಾಕಾ ಆಗಲೇ ನೀರಿಗೆ ಇಳಿದಿದ್ದರು. ಧೋತರ ತೊಡೆತನಕ ಒದ್ದೆ. ಜಾಲಿ ಬೊಡ್ಡೆಯ ಹತ್ತಿರ ಬಗ್ಗಿ ನಿಂತು ಏನೋ ಬಿಡಿಸುತ್ತಿದ್ದರು. ಬೆನ್ನು ನನ್ನ ಕಡೆಗಿತ್ತು. ನನಗೆ ಬೊಡ್ಡೆ ಕಂಡಿತು. ನಾನು ದಂಡೆಯಲ್ಲೇ ನಿಂತೆ. ಶಿರಹಟ್ಟಿಯ ಇಬ್ಬರು ಗಾಳದವರೂ ಬಂದು ನನ್ನ ಪಕ್ಕ ನಿಂತರು. ಬಹಳ ಹೊತ್ತಿನ ಮೇಲೆ ಕಾಕಾ ತಿರುಗಿ, ಎರಡೂ ಕೈಯಲ್ಲಿ ಒಂದು ಬಾತನ್ನು ಎತ್ತಿಕೊಂಡು ಮೇಲೆ ಬಂದರು. ಸತ್ತು ಎರಡು ದಿನವಾಗಿರಬೇಕು. ಕಾಲಿಗೆ, ರೆಕ್ಕೆಯ ಬುಡಕ್ಕೆ ತಂಗೂಸಿ ಕೊರೆದು ಒಳಗೆ ಹೋಗಿತ್ತು. ಬಿಳಿ ತಲೆ ಅವರ ಮೊಣಕೈ ಮೇಲೆ ಇಳಿಬಿದ್ದಿತ್ತು. ಹಿಂಡು ಆಚೆ ದಂಡೆಗೆ ಸರಿದಿತ್ತು.

ಹಕ್ಕಿಯನ್ನು ಹುಲ್ಲಿನ ಮೇಲೆ ಮಲಗಿಸಿ ಕಾಕಾ ಪಕ್ಕದಲ್ಲಿ ಕೂತರು. ಕಾಲಿನ ಎಳೆ ಹಿಡಿದು ಬೆರಳು ಆಡಿಸುತ್ತ ಹೋದವರ ಕೈ ಒಂದು ಕಡೆ ನಿಂತಿತು. ಕಣ್ಣಿನ ಹತ್ತಿರ ತಂದು ನೋಡಿದರು. ಎರಡು ಸಣ್ಣ ಕರಿ ಗುಂಡು.

‘ಇದು ನನ್ನ ಗಂಟು’ ಅಂದರು.

ಅವರೇ ಮುಂದುವರಿಸಿದರು. ‘ಬರೇ ಎಳಿ ಆಗಿದ್ರ ಕುಣಿಕಿ ಸಡಲಾಗಿ ಕಾಲು ಹೊರಗ ಬರತಿತ್ತು. ಈ ಗುಂಡು ಅಡ್ಡ ಬಂದೈತಿ. ಜಗ್ಗಿದಂಗ ಜಗ್ಗಿದಂಗ ಬಿಗಿ ಆಗೈತಿ. ಬಿಚ್ಚಬಾರದು ಅಂತ ನಾನ ಸುಟ್ಟೀನಲ್ಲ.’

ನಾನು ಆ ಹೊತ್ತಿನಲ್ಲಿ ಏನು ನೋಡುತ್ತಿದ್ದೆ ಎಂದು ಹೇಳಿಬಿಡುತ್ತೇನೆ. ಹಕ್ಕಿಯನ್ನಲ್ಲ, ಕಾಕಾನನ್ನೂ ಅಲ್ಲ. ಬೆಂಡು ಎಲ್ಲಿದೆ ಎಂದು ಹುಡುಕುತ್ತಿದ್ದೆ. ಹಕ್ಕಿಯ ಮೈಮೇಲೆ ಇರಲಿಲ್ಲ, ನೀರಿನ ಮೇಲೂ ಇರಲಿಲ್ಲ. ಎಲ್ಲೋ ಕಡಿದು ತೇಲಿಹೋಗಿದೆ ಎಂದು ನನ್ನ ಜೀವ ತಣ್ಣಗಾಯಿತು. ಥೂ ನನ್ನ ಬಾಳಿಗೆ. ಸತ್ತ ಹಕ್ಕಿಯ ಮುಂದೆ ನಿಂತು ಜೀವ ತಣ್ಣಗಾದ ಮನುಷ್ಯ ನಾನು.

ಕಾಕಾ ತಲೆ ಎತ್ತಿದರು. ಆ ಇಬ್ಬರನ್ನು ನೋಡಲಿಲ್ಲ, ನನ್ನನ್ನೇ ನೋಡಿ ಕೇಳಿದರು: ‘ಯಾರದಿರಬೇಕರೀ ಇದು?’

‘ಯಾರದೋ ಏನೋ ಕಾಕಾ. ಹೊಳೀ ಕಡೆ ಮಂದೀನೂ ಬರ್ತಾರ ಇಲ್ಲಿ’ ಅಂದೆ.

‘ಹೂಂ’ ಅಂದರು. ಮತ್ತೆ ಕೇಳಲಿಲ್ಲ. ಅರಣ್ಯದವರಿಗೆ ತಾವೇ ಹೇಳಿಕಳಿಸಿದರು. ಅವರು ಬಂದು ಹಕ್ಕಿಯನ್ನು ಒಯ್ಯುವತನಕ ಅದರ ಮೇಲೆ ತಮ್ಮ ವಸ್ತ್ರ ಹೊಚ್ಚಿ ನೊಣ ಹೊಡೆಯುತ್ತ ಕೂತರು. ಬಂದವರ ಮುಂದೆ ‘ಗಂಟು ನಂದ್ರೀ, ಬರಕೋರಿ’ ಅಂದರು. ಅವರು ಮುದುಕರ ಮುಖ ನೋಡಿ ಏನೂ ಬರೆದುಕೊಳ್ಳದೆ ಹೋದರು.

ಮರುವಾರದಿಂದ ಕಾಕಾ ಕಂಡಿಕೆಗಳನ್ನು ವಾಪಸು ಕೇಳಲು ಹೊರಟರು. ಯಾವ ದಿನ ನೋಡಿದರೂ ಬಸ್ಸಿನಲ್ಲಿ ಅವರೇ. ಶಿರಹಟ್ಟಿಯಲ್ಲಿ ಇಳಿಯುವರು, ಲಕ್ಷ್ಮೇಶ್ವರದಿಂದ ಶಿಗ್ಲಿಗೆ ನಡೆಯುವರು, ಮುಂಡರಗಿ ಬಸ್ಸು ಹಿಡಿದು ಹೊಳೆ ದಂಡೆಗೆ ಹೋಗುವರು. ಕೊಟ್ಟವರ ಮನೆ ಬಾಗಿಲಲ್ಲಿ ನಿಂತು, ‘ನಾ ತಪ್ಪ ಮಾಡೀನಿ, ನನ್ನ ಗಂಟು ನನಗ ಕೊಟ್ಟುಬಿಡ್ರಿ’ ಎನ್ನುವರು. ಕೆಲವರು ನಕ್ಕರು, ಕೆಲವರು ಬೈದರು. ಪುಕ್ಕಟೆ ಕೊಟ್ಟದ್ದನ್ನು ಕೇಳಲು ಬಂದಿದ್ದಾನೆ ಮುದುಕ ಎಂದು ಒಬ್ಬರು ಬಾಗಿಲು ಹಾಕಿಕೊಂಡರಂತೆ. ಆ ಮನೆಗೆ ಮೂರು ಸಲ ಹೋಗಿ ತಂದರು.

ತಂದದ್ದನ್ನು ಏನು ಮಾಡಿದರು ಎಂಬುದನ್ನು ನಾನೇ ಬೆಟಗೇರಿಗೆ ಹೋದಾಗ ನೋಡಿದೆ. ಮಗ್ಗದ ಕಟ್ಟೆಯ ಮೇಲೆ ಕೂತು ಕತ್ತರಿಯಿಂದ ತುಂಡು ತುಂಡು ಮಾಡುತ್ತಿದ್ದರು. ಬೆರಳುದ್ದಕ್ಕಿಂತ ಹೆಚ್ಚಿರಬಾರದು, ಆಗ ಯಾವ ಕಾಲಿಗೂ ಸುತ್ತಿಕೊಳ್ಳಲು ಬರುವುದಿಲ್ಲ. ಕಾಕು ನನ್ನನ್ನು ಒಳಗೆ ಕರೆದು ಚಹಾ ಕೊಡುತ್ತ ಮೆಲ್ಲಗೆ ಅಂದರು: ‘ನಾ ಈ ಮನಿಗೆ ಬಂದು ಇಷ್ಟ ವರ್ಷ ಆತು. ಎಳಿಗೆ ಕತ್ರಿ ಹಚ್ಚಿದ್ದು ನೋಡಿದ್ದಿಲ್ಲರೀ. ಮೊದಲನೇ ದಿನ ಮಗ್ಗಕ್ಕ ಕೈ ಮುಗದು ಕತ್ರಿ ಹಿಡದ್ರು. ಊಟ ಮಾಡಲಿಲ್ಲ ಅವತ್ತ.’

ಆ ತುಂಡುಗಳಿಗೂ ಒಂದು ದಾರಿ ಹುಡುಕಿದರು. ಗದಗಿನಲ್ಲಿ ನೈಲಾನ್ ಕರಗಿಸಿ ವಿದ್ಯುತ್ ಮಗ್ಗದ ಬಿಡಿಭಾಗ ಎರಕ ಹೊಯ್ಯುವವರೊಬ್ಬರಿದ್ದರು. ಅವರ ಹತ್ತಿರ ಹೋಗಿ ಕಾಡಿ, ತೊಳೆದು ಒಣಗಿಸಿದ ತುಂಡುಗಳನ್ನು ತೆಗೆದುಕೊಳ್ಳಲು ಒಪ್ಪಿಸಿದರು. ಒಂದು ಸಲ ನನಗೆ ಅಲ್ಲಿಯ ಒಂದು ಬಿಲ್ಲೆ ತಂದು ತೋರಿಸಿದರು. ಕೊಳೆ ಬಣ್ಣದ, ನಡುವೆ ತೂತಿರುವ ಬಿಲ್ಲೆ. ‘ಗಾಳದ ಎಳಿ ಈಗ ಮಗ್ಗದಾಗ ಕುಂತೈತಿ. ಇನ್ನ ಯಾರ ಕಾಲಿಗೂ ತೊಡರಂಗಿಲ್ಲ’ ಅಂದರು. ಅವರ ಕಿವಿ ಕೆಡಿಸಿದ ಮಗ್ಗಕ್ಕೇ ಅದು ಹೋಗುತ್ತದೆ ಎಂದು ನಾನು ಚೇಷ್ಟೆ ಮಾಡಿದೆ. ‘ಹೋಗಲಿ ಬಿಡ್ರಿ, ಕಿವಿ ನಂದು, ಜೀವಾ ಹಕ್ಕೀದು’ ಅಂದರು.

ಕೆರೆಯ ದಂಡೆಗೆ, ಹೊಳೆಯ ದಂಡೆಗೆ ಪೈಪು ಹೂಳಿದರು. ಬೋರ್‌ವೆಲ್‌ನವರು ಬಿಸಾಕಿದ ಪ್ಲಾಸ್ಟಿಕ್ ಪೈಪಿನ ತುಂಡು, ಮೇಲೆ ಬಾಗಿಸಿದ ಬಾಯಿ. ಮಳೆನೀರು ಹೋಗಬಾರದು, ಹಕ್ಕಿ ಕೊಕ್ಕು ಹಾಕಬಾರದು, ಮನುಷ್ಯನ ಕೈ ಮಾತ್ರ ಹೋಗಬೇಕು. ‘ಹಳೇ ತಂಗೂಸಿ ಇದರಾಗ ಹಾಕ್ರಿ’ ಎಂದು ಬಣ್ಣದಲ್ಲಿ ಬರೆಸಿದರು. ಆ ಪೈಪುಗಳನ್ನೆಲ್ಲ ನಾನೇ ಬಸ್ಸಿನ ಮೇಲೆ ಹಾಕಿಕೊಂಡು ಒಯ್ದೆ, ಗುಂಡಿ ತೋಡಿದೆ, ಕಲ್ಲು ಬಡಿದೆ. ಗಾಳ ಹಾಕುವುದನ್ನು ಅಂದೇ ಬಿಟ್ಟಿದ್ದೆ. ರಜೆ ದಿನವೆಲ್ಲ ಕಾಕಾನ ಹಿಂದೆ ಪೈಪು ಖಾಲಿ ಮಾಡುತ್ತ ತಿರುಗಿದೆ. ಜನ ನನ್ನನ್ನೂ ಹೊಗಳಿದರು. ಒಂದು ಮಾತು ಹೇಳುವುದನ್ನು ಬಿಟ್ಟು ಉಳಿದದ್ದೆಲ್ಲ ಮಾಡಿದೆ.

ಕಂಡಿಕೆಗಳೆಲ್ಲ ಬಂದವು. ಒಂದು ಬರಲಿಲ್ಲ.

‘ನಿಮ್ಮ ಹಂತೇಕ ಒಂದ ಇತ್ತಲ್ರೀ?’ ಎಂದು ಅವರು ಕೇಳಿದ ದಿನ, ‘ಅದು ಆವಾಗನ ಕಳದೈತರೀ’ ಅಂದುಬಿಟ್ಟಿದ್ದೆ. ಕೊಟ್ಟರೆ ಅವರು ಆ ಎಳೆಯನ್ನು ಹಕ್ಕಿಯ ಕಾಲಿನಿಂದ ಬಿಡಿಸಿದ ಎಳೆಯ ಪಕ್ಕ ಇಟ್ಟು ನೋಡಿಯಾರು, ಬಣ್ಣ ಒಂದೇ, ದಪ್ಪ ಒಂದೇ, ಹಲ್ಲಿನಿಂದ ಕಡಿದ ತುದಿಯೂ ಹೊಂದೀತು ಎಂಬ ಹೆದರಿಕೆ. ಎಳೆ ಓದುವ ಕಣ್ಣು ಅವರದು. ಎಸೆಯಲೂ ಆಗಲಿಲ್ಲ. ಎಲ್ಲಿ ಎಸೆದರೂ ಅದು ಇನ್ನೊಂದು ಕಾಲಿಗೆ ಹೋಗಬಹುದು. ಹೀಗಾಗಿ ಟ್ರಂಕಿಗೆ ಹೋಯಿತು.

ಆಮೇಲೆ ಅವರು ‘ನಿಮ್ಮದು’ ಎಂದು ಒಮ್ಮೆಯೂ ಅನ್ನಲಿಲ್ಲ. ಬಸ್ಸು ಹತ್ತಿ, ಕೂತು, ಚೀಲ ಕಾಲ ಕೆಳಗೆ ಸರಿಸಿ, ಊರ ಮಾತು ಮುಗಿದ ಮೇಲೆ ಕಿಟಕಿಯ ಕಡೆ ನೋಡುತ್ತ, ‘ಒಂದ ಕಂಡಿಕಿ ಬರಬೇಕು ನೋಡ್ರಿ’ ಎನ್ನುತ್ತಿದ್ದರು. ‘ಬರ್ತದ ತಗೋರಿ ಕಾಕಾ’ ಎಂದು ನಾನು ಮುಂದಿನ ಸೀಟಿಗೆ ಹೋಗುತ್ತಿದ್ದೆ. ನಾಲ್ಕು ವರ್ಷ ಈ ಎರಡು ಮಾತು ನಡೆದವು.

ಒಂದು ದಿನ ಹೇಳಲೇಬೇಕೆಂದು ನಿಶ್ಚಯ ಮಾಡಿದ್ದೆ. ಲಕ್ಷ್ಮೇಶ್ವರ ದಾಟಿತ್ತು, ಬಸ್ಸಿನಲ್ಲಿ ಹತ್ತು ಜನರಿರಲಿಲ್ಲ. ಅಂದು ಯಾವುದೋ ಕಾರಣಕ್ಕೆ ಕಾಕಾ ಬಲಸಾಲಿನಲ್ಲಿ ಕೂತಿದ್ದರು, ಎಡಗಿವಿ ನನ್ನ ಕಡೆಗಿತ್ತು. ನಾನು ಬಗ್ಗಿ ಆ ಕಿವಿಗೇ ಹೇಳಿದೆ, ‘ಅದು ನಂದರೀ ಕಾಕಾ.’ ಕೇಳಿಸದ ಕಿವಿ ಎಂದು ಗೊತ್ತಿದ್ದೇ ಹೇಳಿದೆ. ಅವರು ಪೂರ್ತಿ ತಿರುಗಿ, ಬಲಗಿವಿ ನನ್ನ ಬಾಯಿಯ ಹತ್ತಿರ ತಂದು, ‘ಏನಂದ್ರಿ?’ ಎಂದರು. ಮುಖದಲ್ಲಿ ಆಸೆ ಇತ್ತು.

‘ಏನಿಲ್ಲರೀ, ಮಳಿ ಬರೂಹಂಗ ಐತಿ ಅಂದೆ.’

‘ಹೌದ, ಮಾಡ ಆಗೈತಿ’ ಎಂದು ಅವರು ಮತ್ತೆ ಕಿಟಕಿಯ ಕಡೆ ತಿರುಗಿದರು. ಅಂದು ಕಂಡಿಕೆಯ ಮಾತು ಆಡಲಿಲ್ಲ. ಅದಾದ ಮೇಲೆ ಅವರು ನನ್ನ ಬಸ್ಸು ಹತ್ತಿದ್ದು ಮೂರೋ ನಾಲ್ಕೋ ಸಲ. ಎದೆಯಲ್ಲಿ ಕಫ, ಮೊಣಕಾಲು ನೋವು. ಪೈಪು ಖಾಲಿ ಮಾಡುವ ಕೆಲಸ ನನಗೇ ಬಂತು. ಚೀಲವನ್ನು ಬೆಟಗೇರಿಯ ಬಾಗಿಲಿಗೆ ಮುಟ್ಟಿಸಿ, ಡ್ಯೂಟಿ ಐತಿ ಎಂದು ಹೊಸ್ತಿಲಿನಿಂದಲೇ ತಿರುಗುತ್ತಿದ್ದೆ.

ಮಣ್ಣಾದ ಹನ್ನೆರಡನೆಯ ದಿನಕ್ಕೆ ಟ್ರಂಕು ತೆರೆದೆ. ಖಾಕಿ ಅಂಗಿಯೊಳಗಿನ ಕಂಡಿಕೆಯನ್ನು ಕಿಸೆಗೆ ಹಾಕಿಕೊಂಡು ಬೆಟಗೇರಿಗೆ ಹೋದೆ. ಕಾಕು ಮಗ್ಗದ ಕಟ್ಟೆಯ ಮೇಲೆ ಕೂತು ಎಳೆ ಬಿಡಿಸುತ್ತಿದ್ದರು. ಗಂಡ ಹೋದ ಮೇಲೆ ಉಳಿದ ಚೀಲಗಳನ್ನು ತಾವೇ ಮುಗಿಸುತ್ತಿದ್ದರು. ಗೋಡೆಯ ಮೇಲಿನ ಹಲಗೆಯಲ್ಲಿ ಖಾಲಿ ಕಂಡಿಕೆಗಳು ಸಾಲಾಗಿ ನಿಂತಿದ್ದವು. ಸಾಲಿನ ಕೊನೆಯಲ್ಲಿ ಒಂದರಷ್ಟು ಜಾಗ ಬಿಟ್ಟಿತ್ತು. ನಾನು ಕಂಡಿಕೆಯನ್ನು ಅವರ ಮುಂದಿಟ್ಟೆ.

ಅವರು ಅದನ್ನು ನೋಡಿದರು, ನನ್ನನ್ನು ನೋಡಿದರು. ಎದ್ದುಹೋಗಿ ಕತ್ತರಿ ತಂದು ನನ್ನ ಕೈಗೆ ಕೊಟ್ಟರು. ‘ಬೆರಳುದ್ದ’ ಅಂದರು.

ಕೂತು ಕತ್ತರಿಸಿದೆ. ಎಷ್ಟೊಂದಿತ್ತು ಅದರಲ್ಲಿ. ಗಂಟು ಬಂದಲ್ಲೆಲ್ಲ ಕೈ ನಿಲ್ಲುತ್ತಿತ್ತು. ಆ ಎರಡೆರಡು ಕರಿ ಗುಂಡುಗಳನ್ನು ಸುಡುವಾಗ ಕಾಕಾ ಉಸಿರು ಹಿಡಿದು ತುಟಿ ಒಳಕ್ಕೆ ಎಳೆದುಕೊಳ್ಳುತ್ತಿದ್ದುದು ಕಣ್ಣಿಗೆ ಕಟ್ಟುತ್ತಿತ್ತು. ಕೊನೆಯ ತುಂಡು ಮುಗಿಸಿ ಖಾಲಿ ಕಂಡಿಕೆಯನ್ನು ಹಲಗೆಯ ಮೇಲೆ ಬಿಟ್ಟ ಜಾಗದಲ್ಲಿ ಇಟ್ಟೆ. ಆಗ ಕಾಕು ಮಗ್ಗದ ಗೂಡಿಗೆ ಕೈ ಹಾಕಿ ಏನೋ ತೆಗೆದರು.

‘ಆ ಕಂಡಿಕಿ ಯಾರ ತರ್ತಾರೋ ಅವರಿಗೆ ಇದನ್ನ ಕೊಡು ಅಂದಿದ್ರು.’

ಬಿಳಿ ಪ್ಲಾಸ್ಟಿಕ್ ಕೊಳವೆ. ನಡುವೆ ಉಗುರುಬಣ್ಣದ ಕೆಂಪು ಉಂಗುರ. ನನ್ನ ಬೆಂಡು.

‘ಬಾತು ಸತ್ತ ದಿನ ಧೋತರದ ಸೊಂಟದಾಗಿಂದ ತಗದ್ರು. ಮಂದಿ ಕಾಣೂಕಿಂತ ಮೊದಲ ಹಕ್ಕಿ ಮೈಮ್ಯಾಲಿಂದ ಬಿಚ್ಚಿ ಇಟ್ಕೊಂಡಿದ್ರಂತ. ಯಾರದರೀ ಅಂತ ಕೇಳಿದೆ. ಅವರ ಹೇಳಬೇಕು, ನಾ ಹೇಳಬಾರದು ಅಂದ್ರು. ಕಡೀತನಕ ಹೇಳಲಿಲ್ಲ ನನಗ.’

ನೀರಿನಲ್ಲಿ ಬೆನ್ನು ತಿರುಗಿಸಿ ಅವರು ಅಷ್ಟು ಹೊತ್ತು ಬಿಡಿಸುತ್ತಿದ್ದುದು ಏನೆಂದು ನನಗೆ ಆಗ ತಿಳಿಯಿತು. ‘ಯಾರದಿರಬೇಕರೀ ಇದು’ ಎಂದು ನನ್ನನ್ನು ಕೇಳುವಾಗ ಉತ್ತರ ಅವರ ಸೊಂಟದಲ್ಲೇ ಇತ್ತು. ನಾಲ್ಕು ವರ್ಷ ಅವರು ಕೇಳುತ್ತಿದ್ದುದು ಕಂಡಿಕೆಯನ್ನಲ್ಲ.

ಮಗ್ಗದ ಕುಣಿ ಖಾಲಿಯಿತ್ತು. ಅವರು ಕೂರುತ್ತಿದ್ದ ಮಡಿಸಿದ ಗೋಣಿತಟ್ಟು ಹಾಗೇ ಇತ್ತು, ನಡುವೆ ತಗ್ಗು ಬಿದ್ದು. ನಾನು ಬೆಂಡು ಹಿಡಿದುಕೊಂಡು ಅದರ ಮುಂದೆ ನಿಂತೆ. ‘ಅದು ನಂದರೀ ಕಾಕಾ’ ಅಂದೆ. ನನಗೇ ಸರಿಯಾಗಿ ಕೇಳಿಸಲಿಲ್ಲ.

ಹಿಂದಿನಿಂದ ಕಾಕು ಅಂದರು: ‘ಸ್ವಲ್ಪ ಜೋರಾಗಿ ಅನ್ರಿ. ಮೆಲ್ಲಗ ಅಂದ್ರ ಅವರಿಗೆ ಕೇಳಸ್ತಿದ್ದಿಲ್ಲ.’

ನಾನು ಕುಣಿಯನ್ನು ಸುತ್ತಿ ಬಲಮಗ್ಗುಲಿಗೆ ಹೋಗಿ ನಿಂತು, ಇನ್ನೊಮ್ಮೆ ಹೇಳಿದೆ.